ಬೇವಿನ ನೀರಿನ ಜಳಕ

ದೇಸಾಯರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರ ತಾಯಿಗೆ ಕಣ್ಣು ಕಾಣದು, ಕಿವಿ ಕೇಳದು, ಹಾಸಿಗೆ ಹಿಡಿದು ಮೂರು ವರ್ಷ. ಅವಳನ್ನು ನೋಡಿಕೊಳ್ಳುವ ಕಲ್ಲವ್ವನನ್ನು ಒಂದು ದಿನ ಬಾಗಿಲಲ್ಲೇ ತಡೆದರು.

"ಬೆವರು ನಾರತೀ! ಬೇವಿನೆಲಿ ಕುದಿಸಿದ ನೀರಾಗ ಜಳಕ ಮಾಡು. ಕಡ್ಲಿಹಿಟ್ಟು ಹಚ್ಚಿ, ಕಂಕುಳಿಗೆ ನಿಂಬಿಹೋಳು ತಿಕ್ಕು. ಬಿಸಿಲಿಗೆ ಒಣಗಿಸಿದ ಸೀರೀನ ಉಡು. ಇಲ್ಲಾಂದ್ರ ಬರಬ್ಯಾಡ."

ಕಲ್ಲವ್ವ ಅಷ್ಟನ್ನೂ ಮಾಡಿಯೇ ಬಂದಳು. ಮುದುಕಿ ಅವಳ ಕೈ ತಳ್ಳಿದಳು.

"ಯಾರವ್ವ ನೀ? ನಮ್ಮ ಕಲ್ಲವ್ವನ್ನ ಕರೀರಿ."

ಎರಡು ದಿನ ಗಂಜಿ ಮುಟ್ಟಲಿಲ್ಲ. ದೇಸಾಯರು ಗಾಬರಿಯಾದರು.

"ನೀವ ಉಣಿಸ್ರಲ್ಲ," ಎಂದಳು ಕಲ್ಲವ್ವ. "ಹೆತ್ತ ಮಗ ಇದ್ದೀರಿ."

ಅತ್ತರು ಪೂಸಿದ ಮಗ ಬಗ್ಗಿದರು. ತಾಯಿ ಸೆರಗು ಸರಿ ಮಾಡಿಕೊಂಡಳು.

"ಯಾರೋ ಬೀಗರು ಬಂದಾರ. ಕುಂದರಸ್ರಿ."

ದೇಸಾಯರ ಮುಖ ಸಪ್ಪಗಾಯಿತು. ಕಲ್ಲವ್ವ ಮೆಲ್ಲಗೆ ಹೇಳಿದಳು:

"ಅವ್ವಾರು ಮಂದೀನ ವಾಸನಿ ಮ್ಯಾಲೆ ಗುರುತು ಹಿಡೀತಾರ್ರಿ. ಅತ್ತರು ತೊಳಕೊಂಡು ಒಂದು ದಿನ ನನ್ನ ಕೆಲಸ ಮಾಡ್ರಿ. ಗುರುತು ಸಿಗತೈತಿ."

ದೇಸಾಯರು ಮಾಡಿದರು. ನೀರು ಹೊತ್ತರು. ತಾಯಿಯನ್ನು ಎತ್ತಿ ತೊಳೆದರು, ಹೊಲಸಾದ ಕೌದಿ ಒಗೆದರು. ಸಂಜೆಯ ಹೊತ್ತಿಗೆ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗಂಜಿ ಹಿಡಿದು ಬಗ್ಗಿದರು. ತಾಯಿ ಅವರ ಕುತ್ತಿಗೆಯ ಹತ್ತಿರ ಮೂಸಿದಳು. ಮುಖ ಅರಳಿತು. ಬಾಯಿ ತೆರೆದಳು.

"ಬಂದೇನ ಕಲ್ಲವ್ವಾ? ಎರಡು ದಿನ ಎಲ್ಲಿ ಹೋಗಿದ್ದೀ?"

ದೇಸಾಯರು ಕಲ್ಲವ್ವನ ಕಡೆ ನೋಡಲಿಲ್ಲ.

"ಬಂದೀನವ್ವ," ಎಂದರು, ಆ ಕೇಳದ ಕಿವಿಗೆ.