ಹಳದಿ ಸೀರೆ ಇಳಿದ ದಾರಿ

"ಗುರುಗಳೇ, ನಿಮ್ಮ ಬಳಿ ಬಂದ ಹೊಸತರಲ್ಲಿ ಓದಿದ್ದೆಲ್ಲ ಮನಸ್ಸಿಗೆ ಹತ್ತುತ್ತಿತ್ತು. ಈಗ ಪುಟ ತೆರೆದರೆ ಬರೀ ಅಕ್ಷರ. ನನ್ನಲ್ಲಿದ್ದದ್ದು ಮುಗಿದುಹೋಯಿತು. ಊರಿಗೆ ಹೊರಡಲೇ?" ಎಂದು ಮುರಿಗೆಪ್ಪ ಕೇಳಿದ. ಬಟ್ಟೆಯ ಗಂಟು ಆಗಲೇ ಅವನ ಕಂಕುಳಲ್ಲಿತ್ತು.

"ಹೊರಡು. ಇದೊಂದು ಕತೆ ಕೇಳಿ ಹೊರಡು" ಎಂದರು ಗುರುಗಳು.

ಒಂದು ಗುಡ್ಡ. ಅದರ ಮೂಡಣ ಬುಡದಲ್ಲಿ ಕಲ್ಲುಕುಟಿಗರ ಊರು. ಗುಡ್ಡದ ಪದರಗಳ ನಡುವೆ ಒಂದು ಪದರ ಮಾತ್ರ ಮಸೆಗಲ್ಲಿನದು. ಅದನ್ನು ಕಡಿದು ಮಾರಿ ಊರು ಬದುಕಿತ್ತು. ಆ ಸೀಮೆಯ ಕುಡುಗೋಲು ಚಾಕುಗಳಿಗೆಲ್ಲ ಅಲ್ಲಿಯ ಕಲ್ಲೇ ಬೇಕು. ಪದರ ಓರೆಯಾಗಿ ಗುಡ್ಡದೊಳಕ್ಕೆ ಇಳಿಯುತ್ತ ಹೋಯಿತು. ಕೊನೆಗೆ ಗಣಿಯಲ್ಲಿ ನೀರು ತುಂಬಿ ಕಲ್ಲು ಕೈಗೆ ಸಿಗದಾಯಿತು. ಇಳಿದ ಕಲ್ಲನ್ನು ಭೂಮಿ ವಾಪಸು ಪಡೆಯಿತು, ಅದನ್ನು ಮತ್ತೆ ಹುಡುಕಬಾರದು ಎಂಬುದು ಅವರ ಕಟ್ಟಳೆ. ಗಣಿಯ ಬಾಯಿಗೆ ಅರಿಶಿನ ಹಚ್ಚಿ ಕೈಮುಗಿದರು. ಊರು ಬಿಡಲು ಎತ್ತುಗಳ ಮೇಲೆ ಹೇರು ಬಿಗಿದರು.

ಅದೇ ಬೆಳಿಗ್ಗೆ ಒಬ್ಬ ಸೀರೆ ವ್ಯಾಪಾರಿ ಬಂದ. ಹೇರು ಕಂಡು ಅವನ ಎದೆ ಒಡೆಯಿತು. ಕರುಣೆಯಿಂದಲ್ಲ. ಅಷ್ಟು ಹಳೆಯ ಗಿರಾಕಿಗಳು ಇನ್ನೆಲ್ಲಿ ಸಿಗಬೇಕು? ಬರುವಾಗ ಹೊಳೆ ಕೊರೆದ ಬಂಡೆಯ ಮೈ ನೋಡುತ್ತ ಬಂದಿದ್ದ. ಅಲ್ಲಿ ಪದರಗಳು ಬಾಗಿ ಇಳಿದು ಮತ್ತೆ ಮೇಲೇಳುತ್ತಿದ್ದವು. ತಳ್ಳಿದ ಬಟ್ಟೆ ಹೇಗೆ ಮಡಿಯುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ನೆಲದ ಮೇಲೆ ಸೀರೆಗಳನ್ನು ಒಂದರ ಮೇಲೊಂದು ಹಾಸಿದ. ನಡುವೆ, ಮಸೆಗಲ್ಲಿನ ಪದರದ ಜಾಗದಲ್ಲಿ, ಒಂದು ಹಳದಿ. ಎರಡು ತುದಿಗಳಿಂದ ಮೆಲ್ಲಗೆ ಒತ್ತಿದ. ಸೀರೆಗಳು ಉಬ್ಬಿದವು, ತಗ್ಗಿದವು, ಮತ್ತೆ ಉಬ್ಬಿದವು.

"ಬೆಟ್ಟ ಏಳುವುದು ಹೀಗೆ. ಎರಡೂ ಬದಿಯ ಉಬ್ಬುಗಳನ್ನು ಮಳೆ ಎಂದೋ ತಿಂದಿದೆ. ನಡುವೆ ಉಳಿದ ತಗ್ಗೇ ನಿಮ್ಮ ಗುಡ್ಡದ ಹೊಟ್ಟೆ" ಎಂದ.

ಕಲ್ಲುಕುಟಿಗರ ಹಿರಿಯ ನಕ್ಕ. "ಸೀರೆ ಮಡಿಯುತ್ತದೆ ಸಾಹುಕಾರ್ರೆ. ಕಲ್ಲಿಗೆ ಸುತ್ತಿಗೆ ಹಾಕಿ ನೋಡಿ, ಎರಡು ಹೋಳು."

"ಸುತ್ತಿಗೆಗೆ ಅವಸರ, ಯಜಮಾನ. ಭೂಮಿಯೂ ಅವಸರ ಮಾಡಿದ ದಿನ ಕಲ್ಲು ಸೀಳಿ ನೆಲ ನಡುಗುತ್ತದೆ. ಉಳಿದ ಕಾಲವೆಲ್ಲ ಅದು ನಿಧಾನವಾಗಿ ಒತ್ತುತ್ತಲೇ ಇರುತ್ತದೆ. ಹೊಳೆಯ ಬಂಡೆ ನೋಡಿ ಬಾ, ಆಮೇಲೆ ನಗು. ಈಗ ಹೇಳು, ನಿಮ್ಮ ಹಳದಿ ಎಲ್ಲಿಗೆ ಹೋಯಿತು?"

ಹಿರಿಯ ಹಳದಿಯ ಅಂಚಿನ ಮೇಲೆ ಬೆರಳಿಟ್ಟ. ಬೆರಳು ಇಳಿಯಿತು, ತಗ್ಗು ಮುಟ್ಟಿತು, ಆಚೆ ಬದಿಯಲ್ಲಿ ಮೇಲೆ ಬಂತು. ಅವನ ನಗು ನಿಂತಿತು. "ಇಳಿದದ್ದನ್ನಷ್ಟೇ ಹುಡುಕಬಾರದು, ಇದು ಭೂಮಿ ತಾನೇ ಮೇಲೆ ತಂದದ್ದು" ಎಂದ. ಗುಡ್ಡದ ಆಚೆ ಬದಿ ಮಣ್ಣು, ಮುಳ್ಳುಪೊದೆ. ಅಲ್ಲಿ ಯಾರೂ ಗುದ್ದಲಿ ಹಾಕಿದವರಿಲ್ಲ.

ಹೇರು ಹೊತ್ತ ಎತ್ತುಗಳನ್ನು ಅಲ್ಲೇ ಬಿಟ್ಟು ಊರಿಗೆ ಊರೇ ಗುಡ್ಡ ಹತ್ತಿ ಆಚೆ ಇಳಿಯಿತು. ಪಡುವಣ ಬುಡದಲ್ಲಿ ಪೊದೆ ಕಡಿದರು, ಮಣ್ಣು ಬಗೆದರು. ಮೊಣಕಾಲ ಆಳದಲ್ಲಿ ಉಳಿ ಠಣ್ ಎಂದಿತು. ಹಿರಿಯ ಒಂದು ಚಕ್ಕೆ ಎಬ್ಬಿಸಿ ಉಗುಳು ಹಾಕಿ ಚಾಕು ಮಸೆದ. ಹೆಬ್ಬೆರಳಿನಿಂದ ಅಲಗು ಮುಟ್ಟಿ ನೋಡಿದ. ಅದೇ ಕಲ್ಲು.

ಉಳಿಗೆ ಸುತ್ತಿಗೆ ಬಡಿದು ಸದ್ದೆಬ್ಬಿಸುತ್ತ ಜನ ಗುಡ್ಡ ಇಳಿದು ಬಂದರು. ಹಿರಿಯ ಅದೇ ಚಾಕುವಿನಿಂದ ಹೇರಿನ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿದ. ಪಾತ್ರೆ ಪಡಗ ದಡದಡನೆ ಸ್ವಂತ ಅಂಗಳಕ್ಕೇ ಉರುಳಿದವು. ಮಣ್ಣಾದ ಹಳದಿ ಸೀರೆಯನ್ನು ಹಿರಿಯನ ಸೊಸೆ ಕೇಳಿ ಕೊಂಡಳು. ವ್ಯಾಪಾರಿ ಬೆಲೆ ಇಳಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪನ ಮುಖ ಅರಳಿತ್ತು. "ಹಾಗಾದರೆ ನನ್ನೊಳಗೆ ಇಳಿದದ್ದೂ ಒಂದು ದಿನ ಮೇಲೆ ಬರುತ್ತದೆ. ಅಲ್ಲಿಯವರೆಗೆ ಕಾಯುತ್ತೇನೆ" ಎಂದ.

"ಕಾಯುತ್ತಿದ್ದದ್ದು ಕಲ್ಲು, ಮುರಿಗೆಪ್ಪ. ಜನ ಗುಡ್ಡ ದಾಟಿದರು."