ನಾಚುವ ಜಾಡಿಗಳನ್ನು ಅಳೆದ ಚೆನ್ನಾಜಮ್ಮ

ಒಂದಾನೊಂದು ಊರಿನಲ್ಲಿ ಪಿಂಗಾಣಿ ಜಾಡಿಗಳಿದ್ದವು, ಕೇಳ್ರಪ್ಪ. ಕಲ್ಲಿಗಿಂತ ಗಟ್ಟಿ. ಒನಕೆಯಲ್ಲಿ ಕುಟ್ಟಿದರೂ ಒಡೆಯುತ್ತಿರಲಿಲ್ಲ. ನಾಚಿಕೆಯಾದರೆ ಮಾತ್ರ ಚಟ್ ಅಂತ ಬಿರುಕು ಬಿಡುತ್ತಿದ್ದವು.

ಆ ಊರಿನ ದೊರೆಗೆ ರಾಜ್ಯ ಬೇಡ, ಯುದ್ಧ ಬೇಡ, ಮಾವಿನ ಉಪ್ಪಿನಕಾಯಿ ಇದ್ದರೆ ಸಾಕು. ಅದನ್ನು ತುಂಬಿಡಲು ಯಾವ ಜಾಡಿ ಗಟ್ಟಿ ಅಂತ ಹೇಳುವುದಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದ.

ದಾಸೇಗೌಡ ಮೊದಲು ಜಾಡಿಯ ಹಳೇ ಅವಮಾನವೊಂದನ್ನು ನೆನಪಿಸಿ ಅದರ ಅಂಚಿಗೆ ಸಣ್ಣದೊಂದು ಕಚ್ಚು ಬೀಳಿಸುವನು. ಆಮೇಲೆ ಬೈದು ಬೈದು ಬಗ್ಗಿಸುವನು. ಎಷ್ಟು ಬೈಗುಳಕ್ಕೆ ಎರಡು ಹೋಳಾಯಿತೋ ಅಷ್ಟು ಗಟ್ಟಿ. ಲೆಕ್ಕ ಸರಿಯೇ, ಆದರೆ ಜಾಡಿ ಉಳಿಯುತ್ತಿರಲಿಲ್ಲ.

ಚೆನ್ನಾಜಮ್ಮ ಒಂದೇ ಮಾತು ಚುಚ್ಚುವಳು. "ನಿನ್ನ ಮುಚ್ಚಳ ಪಕ್ಕದ ಮನೇದಂತೆ." ಚಟ್. ಬಿರುಕನ್ನು ದಾರದಲ್ಲಿ ಅಳೆಯುವಳು. ಬಿರುಕು ಗಿಡ್ಡವಾದಷ್ಟೂ ಜಾಡಿ ಗಟ್ಟಿ. ಅಳೆದವಳೇ ಊಟಕ್ಕೆ ಹೋಗಿಬಿಡುವಳು. ಬಿರುಕು ಆಮೇಲೂ ಮೆಲ್ಲಗೆ ತೆವಳುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆದರೆ ಕಾಯುತ್ತಾ ನಿಂತರೆ ಸಾರು ಆರಿ ಹೋಗುತ್ತದಲ್ಲ.

ಒಂದು ಸಲ ಅವಳಿ ಜಾಡಿಗಳು ಬಂದವು. ದಾಸೇಗೌಡ ತನ್ನ ಪಾಲಿನದನ್ನು ಒಡೆದು, "ಕಸುವಿಲ್ಲ," ಅಂದ. ಚೆನ್ನಾಜಮ್ಮ ತನ್ನದನ್ನು ಚುಚ್ಚಿ, "ಗಟ್ಟಿ," ಅಂದಳು. ದೊರೆಗೆ ಉಳಿದ ಜಾಡಿಯೇ ಸರಿ ಅನ್ನಿಸಿತು. ಉಪ್ಪಿನಕಾಯಿ ತುಂಬಿಸಿ, ಜಾಡಿಯನ್ನು ಸಿಂಹಾಸನದ ಮೇಲಿಟ್ಟು, ತಾನು ನೆಲದ ಮೇಲೆ ಉಣ್ಣಲು ಕೂತ.

ಮೊದಲ ತುತ್ತು ಎತ್ತುವಷ್ಟರಲ್ಲಿ ಜಾಡಿ ಸೀಳಿ ಎಣ್ಣೆಯೆಲ್ಲ ದೊರೆಯ ತಲೆ ಮೇಲೆ ಸುರಿಯಿತು.

"ಮಾನಗೆಟ್ಟ ಜಾಡಿ. ಇದನ್ನ ಅರೆದು ಪಾತ್ರೆ ತಿಕ್ಕೋ ಪುಡಿ ಮಾಡಿ," ಅಂದ ದೊರೆ.

ಚೆನ್ನಾಜಮ್ಮ ಆಗಷ್ಟೇ ಊಟ ಮುಗಿಸಿ ಬಾಯಿ ಒರೆಸುತ್ತಾ ಬಂದಿದ್ದಳು. ಜಾಡಿ ಅವಳನ್ನು ನೋಡಿತು. "ನಾನು ಗಟ್ಟಿ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ, ಅಕ್ಕ?" ಅಂತ ಮೆತ್ತಗೆ ಕೇಳಿತು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ತಲೆ ಎತ್ತಲಾಗಲಿಲ್ಲ. ಸುಮ್ಮನಿದ್ದರೆ ಜಾಡಿ ಪುಡಿಯಾಗುತ್ತದೆ. ನಿಜ ಹೇಳಿದರೆ ಇಷ್ಟು ದಿನದ ಮಾನ ಹೋಗುತ್ತದೆ.

"ತಪ್ಪು ಅದರದ್ದಲ್ಲ ಬುದ್ಧಿ," ಅಂದಳು. "ಬಿರುಕು ಇನ್ನೂ ಓಡ್ತಿದ್ದಾಗಲೇ ಅಳೆದು ಎದ್ದು ಹೋದೋಳು ನಾನು. ಯಾವಾಗ್ಲೂ ಹಂಗೇ ಮಾಡ್ತಿದ್ದೆ."

ಚಟ್. ಅವಳ ಹಣೆಯ ಮೇಲೊಂದು ಬಿರುಕು ಬಿತ್ತು.

ದೊರೆ ದಾರ ಹಿಡಿದು ಅಳೆದ. "ಬೆರಳುದ್ದ ಅಷ್ಟೇ. ಪರವಾಗಿಲ್ಲ, ಗಟ್ಟಿ ಹೆಂಗಸು. ಜಾಡಿಗೆ ತಂತಿ ಕಟ್ಟಿಸಿ. ನಡೀರಿ, ಊಟ ಆರಿ ಹೋಗ್ತದೆ."

ಎಲ್ಲರೂ ಹೊರಟರು.

"ಸ್ವಲ್ಪ ನಿಲ್ಲಿ ಬುದ್ಧಿ," ಅಂದಳು ಚೆನ್ನಾಜಮ್ಮ. "ಈ ಬಿರುಕು ಇನ್ನೂ ನಿಂತಿಲ್ಲ."

ಯಾರೂ ನಿಲ್ಲಲಿಲ್ಲ. ಜಾಡಿಯೊಂದೇ ಅವಳ ಪಕ್ಕ ಕೂತು ನೋಡುತ್ತಿತ್ತು.

ಕತೆ ಅವರದು, ನೀತಿ ನಿಮ್ಮದು: ಉಪ್ಪಿನಕಾಯಿ ಹಾಕುವುದಾದರೆ ನಾಚಿಕೆಯಿಲ್ಲದ ಜಾಡಿಯನ್ನೇ ಕೊಳ್ಳಿ. ಈಗ ಎಲ್ಲ ಅಂಗಡಿಯಲ್ಲೂ ಅವೇ ಸಿಗುತ್ತವೆ.