ಕಂಬಳಿಯವರ ಓಣಿಯ ಕೆಂಡ

"ಗುರುಗಳೇ, ಕೈ ಬಹಳ ಬಿಗಿಯಾಗಿದೆ. ಮನೆಯ ಖರ್ಚಿನಲ್ಲಿ ಮೊದಲು ಯಾವುದನ್ನು ಬಿಡಲಿ?" ಎಂದು ಸಂಗಯ್ಯ ಕೇಳಿದ. ಅವನು ಹೆಂಡತಿ ಮಕ್ಕಳಿದ್ದ ಶಿಷ್ಯ. ಮಠಕ್ಕೆ ಬಂದರೂ ಮನೆಯ ಚಿಂತೆ ಅವನ ಹೆಗಲಿಳಿಯುತ್ತಿರಲಿಲ್ಲ.

"ನೀನು ಯಾವುದನ್ನು ಬಿಡಬೇಕೆಂದಿದ್ದೀ?"

"ಬಿಟ್ಟರೂ ಯಾರಿಗೂ ಗೊತ್ತಾಗದ್ದನ್ನು."

ಗುರುಗಳು ಕತೆ ಹೇಳಿದರು.

ಕಂಬಳಿ ನೇಯುವವನೊಬ್ಬನಿದ್ದ. ಆ ವರ್ಷ ಕಂಬಳಿ ಕೇಳುವವರಿರಲಿಲ್ಲ, ಹೆಂಡತಿ ಬಸುರಿ. ಅವನು ಬೆಲ್ಲ ಬಿಟ್ಟ, ಎಲೆಯಡಿಕೆ ಬಿಟ್ಟ. ಆದರೂ ಎದೆಯ ಕಳವಳ ಹೋಗಲಿಲ್ಲ. ಒಂದು ಸಂಜೆ ಹೆಂಡತಿ ಎಂದಿನಂತೆ ಒಲೆಯ ಕೆಂಡದ ಮೇಲೆ ಬೆರಣಿಯಿಟ್ಟು ಬೂದಿ ಮುಚ್ಚುವುದು ಅವನ ಕಣ್ಣಿಗೆ ಬಿತ್ತು.

"ನಾವು ಮಲಗಿದಾಗ ಬೆರಣಿ ಯಾಕ ಸುಡಬೇಕು? ಬಿಡು ಅದನ್ನ."

"ಮುಂಜಾನೆ ಒಲಿ ಹೆಂಗ ಹಚ್ಚಲಿ? ನಿಮ್ಮ ಸಿಟ್ಟಿಲೇನು?"

"ಬಾಜೂ ಮನ್ಯಾಗ ಇರ್ತದ. ಒಂದು ಕೆಂಡ ಕೊಟ್ರ ಅವರ ಒಲಿ ಆರ್ತದೇನು?"

ಒಲೆಯೇನೂ ಆರಲಿಲ್ಲ. ಆದರೆ ಅಂಥ ಬಿಗಿ ಕೈ ಅವನೊಬ್ಬನದೇ ಆಗಿರಲಿಲ್ಲ. ಪಕ್ಕದವನು ಅವನನ್ನು ನೋಡಿ ಬೆರಣಿ ಬಿಟ್ಟ, ಎದುರಿನವನು ಪಕ್ಕದವನನ್ನು ನೋಡಿ ಬಿಟ್ಟ. ಕಡೆಗೆ ಇಡೀ ಓಣಿಯಲ್ಲಿ ಬಾವಿಕಟ್ಟೆಯ ಹತ್ತಿರದ ಮುದುಕಿಯೊಬ್ಬಳೇ ಕೆಂಡ ಕಾಯುತ್ತಿದ್ದಳು. ಎಲ್ಲರೂ ಕೆಂಡ ತರಲು ಓಡಿನ ಚೂರು ಹಿಡಿದು ಅಲ್ಲಿಗೇ ಹೋಗುತ್ತಿದ್ದರು. ಕೆಂಡ ತಂದರೇ ಹೊರತು, ಯಾರೂ ಒಂದು ಬೆರಣಿ ಒಯ್ದು ಕೊಡಲಿಲ್ಲ.

ಜಡಿಮಳೆಯ ಒಂದು ನಸುಕಿನಲ್ಲಿ ಹೆಂಡತಿ ಹೆತ್ತಳು. ಕೂಸು ತಣ್ಣಗಿತ್ತು, ಅಳಲಿಲ್ಲ. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಬೆಚ್ಚಗಾಗಲಿಲ್ಲ. "ಬೆಂಕಿ ಮಾಡೋ ತಮ್ಮಾ, ಕಾಸಬೇಕು! ಲಗೂ!" ಎಂದು ಸೂಲಗಿತ್ತಿ ಕೂಗಿದಳು. ಅವನು ಚಕಮಕಿ ಕುಟ್ಟಿದ. ಹತ್ತಿ ತೇವವಾಗಿತ್ತು, ಕಿಡಿ ಹಿಡಿಯಲಿಲ್ಲ. ಓಡಿನ ಚೂರು ಹಿಡಿದು ಹೊರಗೆ ಓಡಿದ.

ಪಕ್ಕದ ಮನೆಯಲ್ಲಿ ಕೆಂಡ ಇರಲಿಲ್ಲ. ಎದುರು ಮನೆಯವನು, "ನಾನೂ ಮುದುಕಿ ಮನಿಗೇ ಹೊಂಟೀನಿ" ಎಂದ. ಮುದುಕಿ ಬಾಗಿಲು ತೆರೆದು, ಅವನ ಕೈಯಲ್ಲಿದ್ದ ಚೂರನ್ನು ನೋಡಿದಳು.

"ನನ್ನ ಬೆರಣಿ ನಿನ್ನೆಗೇ ತೀರಿದವಪಾ. ಇಷ್ಟು ಮಂದಿ ಅದೀರಿ, ಯಾರರೇ ಒಬ್ಬರು ಮುಚ್ಚಿಟ್ಟಿರ್ತೀರಿ ಅಂದ್ಕೊಂಡೆ."

ಅವನು ಮಳೆಯಲ್ಲಿ ನಿಂತ. ಹಿಂದೆ ತನ್ನ ಮನೆಯಿಂದ ಸೂಲಗಿತ್ತಿಯ ಕೂಗು ಕೇಳುತ್ತಿತ್ತು. ಕೂಸಿನ ಅಳು ಇನ್ನೂ ಕೇಳಿರಲಿಲ್ಲ. ಮತ್ತೆ ಓಡಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ.

"ಕೂಸು ಏನಾಯಿತು ಗುರುಗಳೇ? ಉಳಿಯಿತೇ?"

"ಓಣಿಯ ಕಡೆಯ ಮನೆ ನಿನ್ನದು, ಸಂಗಯ್ಯ, ಅವನು ಈಗ ಕೆಂಡ ಕೇಳುತ್ತ ನಿನ್ನ ಬಾಗಿಲು ಬಡಿಯುತ್ತಿದ್ದಾನೆ."